ಎಡಗಡೆಯ ಬ್ರೇಕು

ಉಣಕಲ್ ಕೆರೆಯ ಕಟ್ಟೆಯ ಮೇಲೆ ಗಂಡನ ಜೊತೆ ಗಿರ್ಮಿಟ್ ತಿನ್ನುತ್ತ ಕೂತಿದ್ದ ಶೈಲಕ್ಕನಿಗೆ ತನ್ನ ಹಳೆಯ ಗಾಡಿ ಕಣ್ಣಿಗೆ ಬಿದ್ದದ್ದು ಬರೋಬ್ಬರಿ ಹನ್ನೊಂದು ವರ್ಷದ ಮೇಲೆ. ಬಿದ್ದ ರೀತಿಯಾದರೂ ಎಂಥದು! ಮೈತುಂಬ ಗಿಳಿಹಸಿರು ಬಣ್ಣ, ಬಾಗಿಲಿಗೆ ಹೊಳೆಯುವ ಪಟ್ಟಿ, ನೆತ್ತಿಯ ಮೇಲೆ ಬೋಗುಣಿ ಕವುಚಿಟ್ಟ ಹಾಗೆ ಒಂದು ಯಂತ್ರ. ಹೀಗೆ ಸಿಂಗರಿಸಿಕೊಂಡು ಅದು ರಸ್ತೆಯ ನಟ್ಟನಡುವೆ, ಒಂದು ಓಣಿಯ ಬಾಯಿಗೆ, ಹಿಂದೆ ಇಪ್ಪತ್ತು ಗಾಡಿಗಳನ್ನು ನಿಲ್ಲಿಸಿಕೊಂಡು, ಮುಂದೆ ಹೋಗಲೋ ಬೇಡವೋ ಎಂದು ಯೋಚಿಸುತ್ತ ನಿಂತುಬಿಟ್ಟಿತ್ತು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಆಕೆಗೆ ಮೊದಲು ಗುರುತೇ ಹತ್ತಲಿಲ್ಲ. "ನೋಡ್ರಿ ಅಲ್ಲಿ, ಪಾಪ, ಯಾರೋ ಹಳೇ ಗಾಡಿಗೆ ಏನೇನೋ ಬಳದು ಕೋಡಂಗಿ ಮಾಡ್ಯಾರ" ಎಂದು ಗಂಡನಿಗೆ ತೋರಿಸಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಎಡಗಡೆಯ ಮಡ್‌ಗಾರ್ಡಿನ ಮೇಲೆ, ಹಸಿರು ಬಣ್ಣದ ಅಡಿಯಲ್ಲೂ, ಅಂಗೈಯಗಲದ ಒಂದು ತಗ್ಗು ಕಾಣುತ್ತಿತ್ತು. ಕನ್ಯಾಶಾಲೆಯ ಡ್ರಾಯಿಂಗ್ ಟೀಚರ್ ಕುಸುಮಾ ಮೂರನೇ ದಿನದ ಪಾಠದಲ್ಲಿ ಲೈಟಿನ ಕಂಬಕ್ಕೆ ಮಾಡಿದ ನಮಸ್ಕಾರ ಅದು. ಶೈಲಕ್ಕ ಗಿರ್ಮಿಟ್ಟಿನ ತಟ್ಟೆ ಅಲ್ಲೇ ಬಿಟ್ಟು ಎದ್ದಳು.

"ಅಯ್ಯ ಶಿವನ! ರೀ, ಅದು ನಮ್ಮ ತಂಗೆವ್ವ!"

ಗಂಡ ಈರಣ್ಣನ ಕೈಲಿದ್ದ ಮೆಣಸಿನಕಾಯಿ ಭಜಿ ಬಾಯಿಗೆ ಹೋಗಲಿಲ್ಲ.

ತಂಗೆವ್ವ ಅಂದರೆ ಒಂದು ಹಳೆಯ ಮಾರುತಿ 800. 'ಶೈಲಾ ಮಹಿಳಾ ಡ್ರೈವಿಂಗ್ ಸ್ಕೂಲ್' ಎಂಬ ಹಳದಿ ಬೋರ್ಡು ಹೊತ್ತು ಮೂವತ್ತು ವರ್ಷ ಹುಬ್ಬಳ್ಳಿಯ ಓಣಿ ಓಣಿ ಸುತ್ತಿ, ಊರಿನ ಸಾವಿರಾರು ಹೆಣ್ಣುಮಕ್ಕಳಿಂದ ತುಳಿಸಿಕೊಂಡ ಗಾಡಿ. ಆಮೇಲೆ ಕಾಲ ತಿರುಗಿತು. ಗಾಡಿಗಳನ್ನೆಲ್ಲ ಜಾಲವೇ ನಡೆಸತೊಡಗಿತು. ಊರಿನ ಎಲ್ಲ ಗಾಡಿಗಳಿಗೂ ಒಂದೇ ಮಿದುಳು, ಯಾವುದು ಎಲ್ಲಿ ತಿರುಗಬೇಕು ಎಂಬುದೆಲ್ಲ ಅದಕ್ಕೆ ಮೊದಲೇ ಗೊತ್ತು. ಮನುಷ್ಯರಿಗೆ ಲೈಸೆನ್ಸ್ ಕೊಡುವುದೇ ನಿಂತ ಮೇಲೆ ಕಲಿಸುವವರಿಗೆ ಏನು ಕೆಲಸ? ಶೈಲಕ್ಕ ಬೋರ್ಡು ಇಳಿಸಿದಳು, ಗಾಡಿಯನ್ನು ಗುಜರಿಯವನಿಗೆ ಒಪ್ಪಿಸಿ ಮನೆಗೆ ನಡೆದಳು.

ಈಗ ಅದೇ ತಂಗೆವ್ವ ದಾರಿ ಕಟ್ಟಿ ನಿಂತಿದ್ದಳು. ಹಿಂದಿನ ಇಪ್ಪತ್ತು ಗಾಡಿಗಳಲ್ಲಿ ಒಂದಾದರೂ ಹಾರ್ನ್ ಹೊಡೆಯಬಾರದೇ? ಹೊಡೆಯಲಿಲ್ಲ. ಜಾಲದ ಗಾಡಿಗಳಿಗೆ ಸಿಟ್ಟೂ ಗೊತ್ತಿಲ್ಲ, ಹಾರ್ನೂ ಗೊತ್ತಿಲ್ಲ. ಹನ್ನೊಂದು ಸೆಕೆಂಡ್ ಆದ ಮೇಲೆ ತಂಗೆವ್ವ ಮೂತಿಯನ್ನೊಮ್ಮೆ ತಗ್ಗಿಸಿ, ಎತ್ತಿ, ಮೆಲ್ಲಗೆ ಓಣಿ ದಾಟಿದಳು. ಹತ್ತು ಮಾರು ಹೋಗಿ ಮುಂದಿನ ಓಣಿಯ ಬಾಯಿಗೆ ಮತ್ತೆ ನಿಂತಳು. ಆ ನಿಲ್ಲುವ ರೀತಿ ಎಲ್ಲೋ ಕಂಡ ಹಾಗಿದೆಯಲ್ಲ ಎಂದು ಶೈಲಕ್ಕನಿಗೆ ಅನ್ನಿಸಿತು. ಎಲ್ಲಿ ಎಂದು ಮಾತ್ರ ನೆನಪಾಗಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಸರಕಾರಿ ವ್ಯಾನು ಬಂದು ಅಡ್ಡ ನಿಂತಿತು. ಇಳಿದ ಅಧಿಕಾರಿ ತಂಗೆವ್ವನ ಗಾಜಿಗೆ ಕೆಂಪು ಚೀಟಿ ಅಂಟಿಸಿದರು. "ಎರಡನೇ ಸಲಾನೂ ನಪಾಸ್. ಖಾಲಿ ಓಣಿ ಮುಂದ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು ಅಂತ ನಿಯಮ ಐತಿ. ಇದು ಹನ್ನೊಂದು ನಿಂತೈತಿ. ಸೋಮವಾರ ಕಡೇ ಪರೀಕ್ಷೆ. ಅದೂ ಹೋದ್ರ ಗಾಡಿ ಅಲ್ಲಿಂದ ಹಂಗ ಪ್ರೆಸ್ಸಿಗೆ ಹೋಗತೈತಿ" ಎಂದು ಹೇಳಿ ಹೋದರು. ಪ್ರೆಸ್ ಅಂದರೆ ಹಳೆಯ ಗಾಡಿಗಳನ್ನು ಒತ್ತಿ ಚಪ್ಪಟೆ ಮಾಡುವ ಯಂತ್ರ.

ಗಾಡಿಯಿಂದ ಮೂವತ್ತೈದರ ಆಸುಪಾಸಿನ ಒಬ್ಬ ಇಳಿದು ತಲೆಗೆ ಕೈ ಹೊತ್ತು ನಿಂತ. ಹೆಸರು ಅಲ್ತಾಫ್ ನದಾಫ. ಗೋಕುಲ ರೋಡಿನಲ್ಲಿ ಹಳೆಯ ಗಾಡಿಗಳಿಗೆ ಮರುಜನ್ಮ ಕೊಡುವ ಗ್ಯಾರೇಜು ಅವನದು. ಶೈಲಕ್ಕ ನೇರ ಹೋಗಿ ಎಡಗಡೆಯ ಬಾಗಿಲು ತೆಗೆದಳು, ಕೆಳಗೆ ಬಗ್ಗಿ ನೋಡಿದಳು, ಸೊಂಟಕ್ಕೆ ಕೈಯಿಟ್ಟು ನೆಟ್ಟಗಾದಳು.

"ಎಡಗಡಿ ಪೆಡಲ್ ಎಲ್ಲಿ ಅದಾವ?"

"ಯಾವ ಪೆಡಲ್ರಿ ಅಮ್ಮಾರ?" ಅಲ್ತಾಫ್ ಕಕ್ಕಾಬಿಕ್ಕಿಯಾದ. "ಬಾಜೂಕ ಕೂತವರು ಕಾಲಿಟ್ಟುಕೊಳ್ಳೋ ಪಟ್ಟಿ ಇದ್ದುವಲ್ಲ, ಅವೇನ್ರಿ? ಅವನ್ನ ಬಿಚ್ಚಿ ಒಂದು ಡಬ್ಬಿಗೆ ಹಾಕೇನಿ."

"ಕಾಲಿಡೋ ಪಟ್ಟಿ!" ಶೈಲಕ್ಕನ ದನಿ ಕೆರೆಯ ಆಚೆ ದಂಡೆಗೂ ಕೇಳಿಸಿರಬೇಕು. "ಮೂವತ್ತು ವರ್ಷ ಈ ಊರಿನ ಜೀವಾ ಉಳಿಸಿದ ಬ್ರೇಕು ಅದು ತಮ್ಮಾ! ನನ್ನ ಬ್ರೇಕು!"

ಪಾಪ, ಅವನಾದರೂ ಏನು ಮಾಡಬೇಕು? ಗಾಡಿ ಕಲಿಸುವ ಸ್ಕೂಲಿನ ಗಾಡಿಯೊಳಗೆ ಅವನು ಒಂದು ದಿನವೂ ಕೂತವನಲ್ಲ. ಒಂದು ಗಾಡಿಗೆ ಎರಡು ಬ್ರೇಕು ಯಾಕೆ ಬೇಕು ಎಂಬುದು ಅವನ ಬುದ್ಧಿಗೆ ಹೇಗೆ ಹೊಳೆಯಬೇಕು?

ಮರುದಿನ ಬೆಳಿಗ್ಗೆ ಶೈಲಕ್ಕ ಗೋಕುಲ ರೋಡಿನ ಗ್ಯಾರೇಜಿಗೆ ಹೋದಳು. ಎರಡು ಸಲ ನಪಾಸಾದ ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲವಾದ್ದರಿಂದ ತಂಗೆವ್ವನನ್ನು ಎಳೆದು ತಂದು ಒಳಗೆ ನಿಲ್ಲಿಸಿದ್ದರು. ಎಂಜಿನ್ ಇದ್ದ ಜಾಗದಲ್ಲಿ ಈಗ ಬ್ಯಾಟರಿ. ಸೀಟುಗಳಿಗೆ ಹೊಸ ಬಟ್ಟೆ. ಒಳಗೆ ಮೂಗು ಹಾಕಿದರೆ ಪೆಟ್ರೋಲು, ಮಲ್ಲಿಗೆ, ಬೆವರು ಮೂರೂ ಕೂಡಿದ ಆ ಹಳೆಯ ವಾಸನೆಯೂ ಇಲ್ಲ. ಶೈಲಕ್ಕನಿಗೆ ಸಂಕಟವಾಯಿತು. ಆದರೆ ಗೇರ್‌ಬಾಕ್ಸು, ಸ್ಟಿಯರಿಂಗು, ಬಲಗಡೆಯ ಮೂರು ಪೆಡಲು ಹಳೆಯವೇ ಇದ್ದವು.

"ಅವನ್ನ ಮುಟ್ಟಾಕ ಬರೂದಿಲ್ರಿ ಅಕ್ಕಾರ. ಗಾಡಿ ಕೈ ಇರೂದ ಅದರಾಗ" ಎಂದ ಅಲ್ತಾಫ್. ಟೀಚರ್ ಎಂದು ಗೊತ್ತಾದ ಕೂಡಲೇ ಅವನು ಅಮ್ಮಾರ ಎನ್ನುವುದು ಬಿಟ್ಟು, ಸಾಲೆಯ ಟೀಚರಿಗೆ ಅನ್ನುವ ಹಾಗೆ ಅಕ್ಕಾರ ಎನ್ನತೊಡಗಿದ್ದ.

'ಕೈ' ಎಂಬುದು ಆ ಕಸುಬಿನ ಮಾತು. ಜಾಲದ ಮಿದುಳಿಗೆ ಹಳೆಯ ಗಾಡಿಗಳ ಸ್ವಭಾವ ಗೊತ್ತಿಲ್ಲ. ಒಂದರ ಸ್ಟಿಯರಿಂಗು ಎಡಕ್ಕೆ ಎಳೆಯುತ್ತದೆ, ಇನ್ನೊಂದರ ಬ್ರೇಕು ತಡವಾಗಿ ಹಿಡಿಯುತ್ತದೆ. ಅದಕ್ಕೆ ಸರಕಾರ ಒಂದು ದಾರಿ ಮಾಡಿತ್ತು. ಹಳೆಯ ಗಾಡಿಯನ್ನು ವರ್ಷಗಟ್ಟಲೆ ನಡೆಸಿದವರ ರೂಢಿಯನ್ನೇ ಅದಕ್ಕೆ ಕಲಿಸಿದರೆ ಅದು ತಾನೇ ಓಡಬಹುದು. ನಡೆಸಿದವರು ಎಲ್ಲಿ ಸಿಗಬೇಕು? ಸಿಗಬೇಕಾಗಿಲ್ಲ. ಹಳೆಯ ಮನೆಯ ಹೊಸ್ತಿಲು ಸವೆದದ್ದನ್ನು ನೋಡಿದರೆ ಅಲ್ಲಿಯ ಜನ ಯಾವ ಕಾಲು ಎಲ್ಲಿಡುತ್ತಿದ್ದರು ಎಂದು ತಿಳಿಯುತ್ತದಲ್ಲ, ಹಾಗೆ. ಪೆಡಲಿನ ರಬ್ಬರು, ಅದರ ಕೀಲು, ಗೇರಿನ ಗುಂಡಿ, ಇವು ಎಲ್ಲೆಲ್ಲಿ ಎಷ್ಟೆಷ್ಟು ತಿಂದುಹೋಗಿವೆ ಎಂದು ಕಿರಣ ಬಿಟ್ಟು ಓದುವ ಒಂದು ಯಂತ್ರವಿತ್ತು. ಸವಕಳಿ ಯಂತ್ರ ಎಂದು ಅದರ ಹೆಸರು. ಯಾವ ಕಾಲು, ಎಷ್ಟು ಒತ್ತಡ, ಒತ್ತಿದ್ದು ಒಮ್ಮೆಯೋ ಎರಡು ಸಲವೋ, ಎಲ್ಲವನ್ನೂ ಅದು ಲೋಹದಿಂದ ಬಿಡಿಸಿ ಗಾಡಿಗೆ ಹೇಳಿಕೊಡುತ್ತಿತ್ತು.

ಶೈಲಕ್ಕನಿಗೆ ತಟ್ಟನೆ ಅರ್ಥವಾಯಿತು. ಆಕೆ ಬಿದ್ದು ಬಿದ್ದು ನಕ್ಕಳು. "ಅಲ್ಲೋ ತಮ್ಮಾ, ಬಲಗಡೆ ಕೂತವರು ಡ್ರೈವರ್ ಅಂತ ತಿಳಕೊಂಡೀ? ಬಲಗಡೆ ಕೂತವರಿಗೆ ಯಾರಿಗೂ ಗಾಡಿ ಬರತಿರಲಿಲ್ಲ! ಅದಕ್ಕ ಅಲ್ಲಿ ಕೂತಿದ್ರು ಅವರು!"

ಅಲ್ತಾಫ್ ನಿಂತಲ್ಲೇ ಕುಸಿದು ಟೈರಿನ ಮೇಲೆ ಕೂತ. ಮೂರು ತಿಂಗಳು ಕಷ್ಟಪಟ್ಟು ಅವನು ತಂಗೆವ್ವನಿಗೆ ಕಲಿಸಿದ್ದು ಗಾಡಿ ನಡೆಸುವುದನ್ನಲ್ಲ. ಮೂವತ್ತು ವರ್ಷದ ಎಲ್ಲ ಹೆಣ್ಣುಮಕ್ಕಳ ಎಲ್ಲ ತಪ್ಪುಗಳನ್ನು.

ಗ್ಯಾರೇಜಿನೊಳಗೆ ನಲವತ್ತು ಅಡಿಯ ಒಂದು ನೇರ ದಾರಿ ಇತ್ತು. ಶೈಲಕ್ಕ ಹಿಂದಿನ ಸೀಟಿನಲ್ಲಿ ಕೂತು ತಂಗೆವ್ವನನ್ನು ಓಡಿಸಿ ನೋಡಿದಳು. ಹೊರಡುವಾಗ ಗಾಡಿ ಕುಪ್ಪಳಿಸಿತು. "ಇದು ಹಲ್ಲಿನ ಡಾಕ್ಟರು ರೇಷ್ಮಾ. ಕ್ಲಚ್ ಅಂದ್ರ ಆಕಿಗೆ ಬಿಸಿ ಹಂಚು, ಸಟಕ್ಕನ ಕಾಲ ತಗೀತಿದ್ಲು." ನಡುವೆ ಗಾಡಿ ಎಡಕ್ಕೆ ಸರಿಯಿತು. "ಇದು ನಮ್ಮ ಕುಸುಮಾ. ಎದುರಿಗೆ ಬಸ್ ಬಂದ್ರ ಕಣ್ಣ ಮುಚ್ಚತಿದ್ಲು, ಖರೇನ." ಆಕೆ ಹೇಳುತ್ತ ಹೋದಳು, ಕಣ್ಣಂಚು ಒರೆಸಿಕೊಳ್ಳುತ್ತ ಹೋದಳು. ಅವರಲ್ಲಿ ಎಷ್ಟೋ ಜನ ಈಗ ಅಜ್ಜಿಯರು. ಕೆಲವರು ಇಲ್ಲವೇ ಇಲ್ಲ. ಆದರೆ ಅವರ ಗಾಬರಿಯೆಲ್ಲ ಇಲ್ಲೇ ಉಳಿದಿತ್ತು.

"ಅವೆಲ್ಲ ಸಣ್ಣ ತಪ್ಪುರಿ, ಅವಕ್ಕ ನಪಾಸ್ ಮಾಡೂದಿಲ್ಲ" ಎಂದ ಅಲ್ತಾಫ್. "ನಮ್ಮನ್ನ ಕೆಡವಿದ್ದು ಒಂದ ಕಾಲು. ಬ್ರೇಕಿನ ಮ್ಯಾಲ ಎಲ್ಲಾರಕಿಂತ ಹೆಚ್ಚು ಸವೆಸಿದ್ದು ಅದ. ಓಣಿ ಬಾಯಿ ಬಂತಂದ್ರ ಮೊದಲ ಮೆಲ್ಲಕ ಒಂದ ಸಲ, ಆಮ್ಯಾಲ ಪೂರಾ ಒಂದ ಸಲ. ಒತ್ತಿ ಹಿಡದಬಿಡತೈತಿ. ಇಲ್ಲಿ ನೋಡ್ರಿ, ವಿಚಿತ್ರ ಅಂದ್ರ ಚಪ್ಪಲಿನ ಇಲ್ಲ ಆ ಕಾಲಿಗೆ."

ಪರದೆಯ ಮೇಲೆ ಬ್ರೇಕಿನ ರಬ್ಬರು ಹಿಗ್ಗಿ ಕಾಣುತ್ತಿತ್ತು. ಅದರ ನಡುವೆ ಬರಿಗಾಲಿನ ಅಚ್ಚು. ಅಗಲವಾದ ಹೆಬ್ಬೆರಳು, ಅದರ ಪಕ್ಕ ನಾಲ್ಕು ಬೆರಳಿನ ತಗ್ಗು.

ಶೈಲಕ್ಕನ ನಗು ಹಾರಿಹೋಯಿತು. ನಿನ್ನೆ ಕೆರೆಯ ದಂಡೆಯಲ್ಲಿ ನೆನಪಾಗದೇ ಉಳಿದದ್ದು ಈಗ ನೆನಪಾಯಿತು.

"ಅತ್ತಿ" ಎಂದಳು. "ನಮ್ಮ ಅತ್ತಿ."

ನೀಲಗಂಗವ್ವ ಈರಣ್ಣನ ತಾಯಿ. ಶೈಲಾ ಸ್ಕೂಲಿನ ಬೋರ್ಡು ಹಾಕಿದಾಗ ತಿಂಗಳು ಕಳೆದರೂ ಒಬ್ಬರೂ ಬರಲಿಲ್ಲ. ಹೆಣ್ಣುಮಗಳ ಕಡೆ ಗಾಡಿ ಕಲಿಯುವುದೇ ಎಂದು ಓಣಿಯೆಲ್ಲ ಕಿಸಿಕಿಸಿ ನಕ್ಕಿತು. ಸೊಸೆ ಅಡುಗೆಮನೆಯಲ್ಲಿ ಅಳುತ್ತ ಕೂತದ್ದನ್ನು ನೋಡಿದ ಐವತ್ತೆರಡು ವರ್ಷದ ಅತ್ತೆ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗುಡಿಗೆ ಹೋಗುವವಳ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಬಲಗಡೆಯ ಸೀಟಿಗೆ ಹತ್ತಿ ಕೂತಳು. "ನಡಿ, ನನಗ ಕಲಸು. ಊರ ನೋಡಲಿ." ಅತ್ತೆ ಸೊಸೆ ಇಬ್ಬರೂ ದುರ್ಗದಬೈಲಿನ ಸಂತೆಯ ನಡುವೆ ಆಮೆಯ ನಡಿಗೆಯಲ್ಲಿ ಹಾದುಹೋದದ್ದನ್ನು ಊರು ನೋಡಿತು. ಮುಂದಿನ ವಾರವೇ ಏಳು ಹೆಣ್ಣುಮಕ್ಕಳು ಹೆಸರು ಹಚ್ಚಿದರು.

ಅಂದಿನಿಂದ ಹದಿನಾರು ವರ್ಷ, ದಿನಾ ಬೆಳಿಗ್ಗೆ ಮೊದಲ ಸುತ್ತು ನೀಲಗಂಗವ್ವನದು. ಪ್ರತಿ ಓಣಿಯ ಬಾಯಿಗೂ ನಿಲ್ಲುತ್ತಿದ್ದಳು. "ಹೋಗ್ರಿ ಅತ್ತಿ, ಯಾರೂ ಇಲ್ಲ" ಎಂದು ಸೊಸೆ ಎಷ್ಟು ಹೇಳಿದರೂ, "ತಡಿಯವಾ, ಯಾವುದರ ಕೂಸು ಓಡಿ ಬಂದೀತು" ಎಂದು ಪೂರ್ತಿ ನೋಡಿಯೇ ಮುಂದೆ ಹೋಗುವಳು. ಲೈಸೆನ್ಸು ಮಾತ್ರ ಕಡೆಯವರೆಗೂ ಮಾಡಿಸಲಿಲ್ಲ. ಯಾಕೆ ಎಂದು ಕೇಳಿದರೆ, "ಲೈಸನ್ಸ ಬಂದ್ರ ನೀ ನನ್ನ ಬಾಜೂಕ ಯಾಕ ಕೂಡ್ತಿ?" ಎನ್ನುತ್ತಿದ್ದಳು. ಆ ಮಾತು ನೆನೆದು ಶೈಲಕ್ಕ ಪರದೆಯ ಮೇಲಿನ ಅಚ್ಚಿಗೆ ಬೆರಳು ತಾಗಿಸಿದಳು. ತಂಪು ಗಾಜು ಅಷ್ಟೆ.

ಅಲ್ತಾಫ್ ಮೆಲ್ಲಗೆ ಹೇಳಿದ. "ಡಬ್ಬಿಯೊಳಗಿನ ನಿಮ್ಮ ಪೆಡಲ್ ಹಚ್ಚಿ ಓದಿಸಿದ್ರ ಗಾಡಿಗೆ ನಿಮ್ಮ ಕೈ ಬರತೈತ್ರಿ ಅಕ್ಕಾರ. ಪಾಸ್ ಆಗೇ ಆಗತೈತಿ. ಆದ್ರ ನಿಯಮದಾಗ ಒಂದ ಗಾಡಿಗೆ ಒಂದ ಕೈ. ಬಲಗಡಿದು ಪೂರಾ ಅಳಸಬೇಕು. ರಬ್ಬರು, ಕೀಲು, ಎಲ್ಲಾ ಹೊಸಾದು ಹಾಕಬೇಕು."

"ಅತ್ತಿದು ಬ್ಯಾರೆ ಕಡೆ ಎಲ್ಲೆರ ತಗದಿಡಾಕ ಬರೂದಿಲ್ಲೇನು?"

"ಚಿತ್ರ ಇಡಬಹುದ್ರಿ. ಆದ್ರ ಈ ಗಾಡಿ ಬಿಟ್ಟು ಬ್ಯಾರೆ ಗಾಡಿಯಾಗ ಅದು ನಡಿಯೂದಿಲ್ಲ."

ಮಧ್ಯಾಹ್ನ ಊಟಕ್ಕೆ ಕೂತಾಗ ಶೈಲಕ್ಕ ಗಂಡನಿಗೆ ಎಲ್ಲವನ್ನೂ ಹೇಳಿದಳು. ಈರಣ್ಣ ರೈಲ್ವೆ ವರ್ಕ್‌ಶಾಪಿನಲ್ಲಿ ಜೀವ ಸವೆಸಿದವನು. ಹೆಂಡತಿ ಊರಿಗೆಲ್ಲ ಗಾಡಿ ಕಲಿಸಿದರೂ ತಾನು ಕಲಿಯದೆ ಸೈಕಲ್ಲಿನ ಮೇಲೇ ಓಡಾಡಿದ ಹಟಮಾರಿ. ಅವನು ರೊಟ್ಟಿ ಮುರಿಯುವುದು ಬಿಟ್ಟು ಪೂರ್ತಿ ಕೇಳಿದ.

"ಅಂದ್ರ ನಿನ್ನಿ ಕೆರಿ ದಂಡಿ ಮ್ಯಾಲ ನಾ ನೋಡಿದ್ದು ಅವ್ವನ್ನ."

"ಹೂನ್ರಿ."

"ಅಳಸಬ್ಯಾಡ."

"ಅಳಸಲಿಲ್ಲಂದ್ರ ಸೋಮವಾರ ತಂಗೆವ್ವ ಚಪ್ಪಟಿ ಆಗತಾಳ್ರಿ. ಆಗ ಅತ್ತೀನೂ ಇಲ್ಲ, ಗಾಡೀನೂ ಇಲ್ಲ."

"ಆಗಲಿ" ಎಂದ ಈರಣ್ಣ. "ಅವ್ವನ ಫೋಟೋ ಐತಿ, ಸೀರಿ ಐತಿ, ಅಕಿ ಹಿತ್ತಾಳಿ ಚರಗಿ ಐತಿ. ಅಕಿ ಅಂಜಿಕೊಂತ ಹೋಗತಿದ್ದ ರೀತಿ ಎಲ್ಲೈತಿ? ಅದೊಂದ ಗಾಡಿಯಾಗ ಐತಿ. ಸರಕಾರದವರು ಒಡದ್ರ ಒಡೀಲಿ. ನೀ ಮಾತ್ರ ನಿನ್ನ ಕೈಯಿಂದ ಅಳಸಬ್ಯಾಡ ಶೈಲಾ. ಅಕಿ ನಿನ್ನ ಸಲುವಾಗಿ ಅಲ್ಲಿ ಕೂತಾಕಿ."

"ನನಗ ಗೊತ್ತಿಲ್ಲೇನ್ರಿ ಅದು? ನಿಮಗ ಅಕಿ ಅವ್ವ. ನನಗ ಅಕಿ ಮೊದಲನೇ ವಿದ್ಯಾರ್ಥಿ. ನನ್ನ ಮ್ಯಾಲ ವಿಶ್ವಾಸ ಇಟ್ಟಾಕಿ ಅಕಿ ಒಬ್ಬಾಕಿನ. ನನಗ ಬ್ಯಾಸರಿಲ್ಲ ಅಂತ ತಿಳದೀರೇನು?" ಎಂದವಳೇ ತಾಟು ಸರಿಸಿ ಎದ್ದಳು. ಈರಣ್ಣನೂ ಎದ್ದ. ಅಂದು ಜುಣಕ ಯಾರೂ ಮುಟ್ಟದೆ ಉಳಿಯಿತು.

ಇಬ್ಬರ ನಡುವಿನ ಮಾತೂ ಅಲ್ಲಿಗೇ ನಿಂತಿತು. ಶನಿವಾರ ಬೆಳಗಾಗುವುದರೊಳಗೆ ಶೈಲಕ್ಕ ಲೆಕ್ಕವಿಲ್ಲದಷ್ಟು ಸಲ ಮನಸ್ಸು ಬದಲಿಸಿದಳು. ಗಂಡನ ಮಾತು ಸುಳ್ಳೆಂದು ಅನ್ನಿಸಲಿಲ್ಲ. ಆದರೆ ಆ ಪ್ರೆಸ್ಸಿನ ಬಾಯಿಗೆ ತಂಗೆವ್ವನನ್ನು ಕೊಡಲೂ ಮನಸ್ಸು ಒಪ್ಪಲಿಲ್ಲ. ಅತ್ತೆ ಹದಿನಾರು ವರ್ಷ ಬೆಳಿಗ್ಗೆ ಎದ್ದು ಬರುತ್ತಿದ್ದದ್ದು ಈ ಗಾಡಿ ಊರಿನಲ್ಲಿ ಓಡಬೇಕು ಎಂದು. ನಿಂತು ಪುಡಿಯಾಗಲಿ ಎಂದು ಅಲ್ಲವೇ ಅಲ್ಲ. ಈ ಒಂದು ಯೋಚನೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಆಕೆ ಗೋಕುಲ ರೋಡಿಗೆ ನಡೆದಳು.

ಎಡಗಡೆಯ ಎರಡು ಪೆಡಲನ್ನು ಹಚ್ಚುವುದು ಅಲ್ತಾಫ್‌ಗೆ ಗೊತ್ತಿರಲಿಲ್ಲ. ಶೈಲಕ್ಕ ಸೆರಗು ಬಿಗಿದು ನೆಲಕ್ಕೆ ಬೆನ್ನು ಹಚ್ಚಿ ಗಾಡಿಯ ಅಡಿಗೆ ಹೋದಳು. ಈ ಬ್ರೇಕಿನಿಂದ ಆ ಬ್ರೇಕಿಗೆ, ಈ ಕ್ಲಚ್ಚಿನಿಂದ ಆ ಕ್ಲಚ್ಚಿಗೆ ಒಂದೊಂದು ಸರಳು. ಎಡಗಡೆ ಒತ್ತಿದರೆ ಬಲಗಡೆಯದೂ ಇಳಿಯುತ್ತದೆ, ಬಲಗಡೆ ಒತ್ತಿದರೆ ಎಡಗಡೆಯದೂ. ರಬ್ಬರು ಮಾತ್ರ ಒತ್ತಿದವರ ಕಡೆಗಷ್ಟೇ ಸವೆಯುತ್ತದೆ. "ಅರವತ್ತೆಂಟಕ್ಕೂ ಸೊಂಟ ಗಟ್ಟಿ ಐತ್ರಿ ಅಕ್ಕಾರ" ಎಂದು ಅಲ್ತಾಫ್ ಚೇಷ್ಟೆ ಮಾಡಿದ. "ಪಾನಾ ಕೊಡು, ಸುಮ್ಮನ" ಎಂದು ನಟ್ಟು ಬಿಗಿಯಲು ಕೈ ಚಾಚಿದಳು ಶೈಲಕ್ಕ.

ಬಲಗಡೆಯ ಹಳೆಯ ರಬ್ಬರು ಬಿಚ್ಚುವಾಗ ಅಲ್ತಾಫ್ ಹೊರಗೆ ಹೋದ. ಅಷ್ಟು ತಿಳಿವಳಿಕೆ ಅವನಿಗಿತ್ತು. ಶೈಲಕ್ಕ ಬ್ರೇಕಿನ ಮೇಲಿನ ಆ ತಗ್ಗನ್ನು ಅಂಗೈಯಿಂದ ಒಮ್ಮೆ ಸವರಿದಳು. "ತಪ್ಪ ತಿಳಕೋಬ್ಯಾಡ್ರಿ ಅತ್ತಿ" ಎಂದಳು. ಸವಕಳಿ ಯಂತ್ರದ ಪರದೆ ಕೇಳಿತು: ನಡೆಸುವವರ ಸೀಟು ಯಾವುದು? ಎಡ ಎಂದು ಒತ್ತಿದಳು. ಬಲಗಡೆಯ ಗುರುತೆಲ್ಲ ಅಳಿಸಲೇ ಎಂದು ಅದು ಕೇಳಿತು. ಹೌದು ಎಂದು ಒತ್ತಿದಳು. ಪರದೆಯ ಮೇಲಿದ್ದ ಐದು ಬೆರಳು ಮಾಯವಾದವು.

ಹೊಸ ಓದು ಮುಗಿಯಲು ಮೂವತ್ತು ತಾಸು ಬೇಕಿತ್ತು. ಭಾನುವಾರ ಸಂಜೆ ಗ್ಯಾರೇಜಿನ ನಲವತ್ತು ಅಡಿ ದಾರಿಯಲ್ಲಿ ಓಡಿಸಿ ನೋಡಿದರು. ತಂಗೆವ್ವ ಬೆಣ್ಣೆಯಂತೆ ಹೋದಳು, ಬೆಣ್ಣೆಯಂತೆ ಬಂದಳು. ಕುಪ್ಪಳಿಸುವುದಿಲ್ಲ, ಎಡಕ್ಕೆ ಸರಿಯುವುದಿಲ್ಲ. ರೇಷ್ಮಾ ಇಲ್ಲ, ಕುಸುಮಾ ಇಲ್ಲ. "ಏನ್ ಕೈರಿ ನಿಮ್ಮದು!" ಎಂದು ಅಲ್ತಾಫ್ ಕುಣಿದಾಡಿದ. ಶೈಲಕ್ಕ ನಕ್ಕಂತೆ ಮಾಡಿ ಮನೆಗೆ ಬಂದಳು. ಹಳೆಯ ರಬ್ಬರನ್ನು ನೀಲಗಂಗವ್ವನ ಫೋಟೋದ ಮುಂದೆ ಇಟ್ಟಳು. ಈರಣ್ಣ ಅದನ್ನು ನೋಡಿದ, ಎದ್ದು ಹಿತ್ತಲಿಗೆ ಹೋದ.

ಸೋಮವಾರ ಹತ್ತು ಗಂಟೆಗೆ ಊರ ಹೊರಗಿನ ಪರೀಕ್ಷೆಯ ಮೈದಾನ. ಒಳಗೆ ನಿಜವಾದ ಊರಿನ ಹಾಗೆಯೇ ರಸ್ತೆ, ತಿರುವು, ಆರು ಖಾಲಿ ಓಣಿ ಕಟ್ಟಿದ್ದರು. ಆಚೆ ಬದಿಗೆ ಬೇಲಿ, ಬೇಲಿಯ ಆಚೆ ಪ್ರೆಸ್ಸು. ಅದು ಯಾವುದೋ ಗಾಡಿಯನ್ನು ಜಗಿಯುವ ಸದ್ದು ಇಲ್ಲಿಗೂ ಬರುತ್ತಿತ್ತು. ಅಧಿಕಾರಿ ಬಲಗಡೆಯ ಸೀಟಿನಲ್ಲಿ ಕೈಕಟ್ಟಿ ಕೂತರು. ಎಡಗಡೆಯ ಸೀಟು ಖಾಲಿ ಇರಬೇಕೆಂದು ನಿಯಮ. ಶೈಲಕ್ಕ, ಅಲ್ತಾಫ್ ಹಿಂದೆ ಕೂತರು. ಇನ್ನೇನು ಬಾಗಿಲು ಹಾಕಬೇಕು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಈರಣ್ಣ ಏದುಸಿರು ಬಿಡುತ್ತ ಬಂದು, ಒಂದೂ ಮಾತಾಡದೆ ಹೆಂಡತಿಯ ಪಕ್ಕ ತುರುಕಿಕೊಂಡು ಕೂತ. ಅವಳ ಕೈಯನ್ನು ಹಿಡಿಯಲಿಲ್ಲ. ಆದರೆ ಬಂದಿದ್ದ.

ತಂಗೆವ್ವ ಹೊರಟಳು. ಕ್ಲಚ್ಚು ನಯವಾಗಿ ಬಿಟ್ಟಿತು, ಗೇರು ಸದ್ದಿಲ್ಲದೆ ಬದಲಾಯಿತು. ಶೈಲಕ್ಕನಿಗೆ ಹೆಮ್ಮೆ ಎನ್ನಿಸಿತು. ತನ್ನ ಕಾಲು ಚುರುಕು ಎಂಬುದು ಊರಿಗೇ ಗೊತ್ತಿದ್ದ ಸಂಗತಿ. ಮುಂದೆ ಖಾಲಿ ಸೀಟಿನ ಕೆಳಗೆ ಎಡಗಡೆಯ ಪೆಡಲುಗಳು ತಾವೇ ಏಳುತ್ತ ಇಳಿಯುತ್ತ ಇದ್ದವು. ಯಾರೂ ಇಲ್ಲದ ಜಾಗದಲ್ಲಿ ತನ್ನದೇ ಕಾಲು ಕೆಲಸ ಮಾಡುವುದನ್ನು ಆಕೆ ಸೀಟುಗಳ ನಡುವಿನಿಂದ ಬಗ್ಗಿ ನೋಡುತ್ತಿದ್ದಳು.

ಮೊದಲನೇ ಓಣಿ ಬಂತು.

ಎಡಗಡೆಯ ಬ್ರೇಕು ಮೆಲ್ಲಗೆ ಒಮ್ಮೆ ಇಳಿಯಿತು. ಎದ್ದಿತು. ಆಮೇಲೆ ಪೂರ್ತಿ ಇಳಿಯಿತು. ತಂಗೆವ್ವ ಮೂತಿ ತಗ್ಗಿಸಿ ಓಣಿಯ ಬಾಯಿಗೆ ನಿಂತಳು.

ಶೈಲಕ್ಕ ತಲೆ ಎತ್ತಿ ಬಲಕ್ಕೆ ನೋಡಿದಳು. ಅಧಿಕಾರಿಯ ಕೈಗಡಿಯಾರ ಕಾಣುತ್ತಿತ್ತು. ಒಂದು. ಎರಡು. ಬ್ರೇಕು ಎದ್ದಿತು, ತಂಗೆವ್ವ ಓಣಿ ದಾಟಿದಳು. ಅಧಿಕಾರಿ ಏನೋ ಬರೆದುಕೊಂಡರು.

"ಇದೇನ್ರಿ ಅಕ್ಕಾರ?" ಅಲ್ತಾಫ್ ಪಿಸುಗುಟ್ಟಿದ. "ಬಲಗಡಿದು ಪೂರಾ ತಗದೇವಲ್ಲ?"

ಎರಡನೇ ಓಣಿಗೂ ಹಾಗೆಯೇ. ಮೂರನೆಯದಕ್ಕೂ ಹಾಗೆಯೇ. ಮೊದಲು ಮೆಲ್ಲಗೆ, ಆಮೇಲೆ ಪೂರ್ತಿ, ಎರಡು ಸೆಕೆಂಡ್, ಮುಂದೆ. ಇದು ಅತ್ತೆಯ ಕಾಲಲ್ಲ. ಅತ್ತೆ ಹನ್ನೊಂದು ಸೆಕೆಂಡ್ ನಿಲ್ಲುತ್ತಿದ್ದಳು. ಇದು ಎಡಗಡೆಯ ಕಾಲು, ತನ್ನದೇ. ಆದರೆ ತಾನು ಯಾವಾಗ ಹೀಗೆ ಒತ್ತಿದೆ? ಶೈಲಕ್ಕ ಕಣ್ಣು ಮುಚ್ಚಿ ಆ ಬೆಳಗಿನ ಸುತ್ತುಗಳನ್ನು ನೆನೆದಳು. ಬಾಯಿ "ಹೋಗ್ರಿ ಅತ್ತಿ, ಯಾರೂ ಇಲ್ಲ" ಎನ್ನುತ್ತಿತ್ತು. ಕಾಲು ಏನು ಮಾಡುತ್ತಿತ್ತು? ಅತ್ತೆ ಒತ್ತಿದಾಗೆಲ್ಲ, ಎಲ್ಲಿ ಮುದುಕಿಯ ಕಾಲು ಜಾರೀತೋ ಎಂದು, ಇದೂ ಜೊತೆಗೇ ಒತ್ತಿ, ಗಾಡಿ ನಿಂತದ್ದು ಖಾತ್ರಿಯಾದ ಕೂಡಲೇ ಬಿಡುತ್ತಿತ್ತು. ಹದಿನಾರು ವರ್ಷ, ಪ್ರತಿ ಓಣಿಗೆ. ಅತ್ತೆ ಹೋದ ಮೇಲೂ ಬೇರೆಯವರಿಗೆ ಕಲಿಸುವಾಗ ಓಣಿ ಬಂದ ಕೂಡಲೇ ಇದು ತಾನಾಗಿ ಇಳಿದಿದೆ. ಆಕೆಗೆ ಸುದ್ದಿಯೇ ಇರಲಿಲ್ಲ.

"ಶೈಲಾ" ಎಂದ ಈರಣ್ಣ. ಮೂರು ದಿನದ ಮೇಲೆ ಮೊದಲ ಮಾತು. ಅವನ ಕಣ್ಣು ತುಂಬಿದ್ದವು. "ನೀ ಅಳಸಲಿಲ್ಲ?"

"ಅಳಿಸೇನ್ರಿ. ದೇವರಾಣಿ ಅಳಿಸೇನಿ. ಇದು ನನ್ನ ಕಾಲು."

"ಸುಳ್ಳ ಹೇಳಬ್ಯಾಡ. ನಮ್ಮವ್ವನ್ನ ನಾ ಗುರುತಿಸೂದಿಲ್ಲೇನು?"

ಆರೂ ಓಣಿ ಮುಗಿದವು. ಅಧಿಕಾರಿ ಗಾಡಿ ನಿಲ್ಲಿಸಿ, ಇಳಿದು, ಗಾಜಿನ ಕೆಂಪು ಚೀಟಿಯನ್ನು ಕಿತ್ತು ಹಸಿರು ಚೀಟಿ ಅಂಟಿಸಿದರು. "ಎಲ್ಲಾ ಕಡೆ ಎರಡ ಸೆಕೆಂಡ್. ನಿಯಮದೊಳಗ ಐತಿ, ಪಾಸ್. ಭಾಳ ಸಮಾಧಾನದ ಕೈ ಬಿಡ್ರಿ ಇದು" ಎಂದು ಹೇಳಿ ಹೋದರು. ಅಲ್ತಾಫ್ ಗಾಡಿಯ ಛಾವಣಿಗೆ ತಲೆ ಬಡಿಯುವ ಹಾಗೆ ಕುಪ್ಪಳಿಸಿದ.

ಈರಣ್ಣ ಹಿಂದಿನಿಂದ ಇಳಿದ. ಒಂದು ಕ್ಷಣ ನಿಂತು, ಮುಂದಿನ ಬಲಗಡೆಯ ಬಾಗಿಲು ತೆಗೆದು ಒಳಗೆ ಕೂತ. ಆ ಸೀಟಿನಲ್ಲಿ ಅವನು ಹುಟ್ಟಿದಾಗಿನಿಂದ ಕೂತವನಲ್ಲ. "ತಮ್ಮಾ, ಇನ್ನೊಂದ ಸುತ್ತು ಹಾಕೂಣೇನು?" ಎಂದು ಅಲ್ತಾಫ್‌ನನ್ನು ಕೇಳಿದ. ಹೆಂಡತಿಯ ಕಡೆ ತಿರುಗಿ, "ನೀ ಬಾಜೂಕ ಬಾ" ಎಂದ.

ಶೈಲಕ್ಕ ಎಡಗಡೆಗೆ ಬಂದು ಕೂತಳು. ಹನ್ನೊಂದು ವರ್ಷದ ಮೇಲೆ ತನ್ನ ಜಾಗ. ಕಾಲನ್ನು ಬ್ರೇಕಿನ ಮೇಲೆ ಸುಮ್ಮನೆ ತಾಗಿಸಿ ಇಟ್ಟುಕೊಂಡಳು, ಒತ್ತಲಿಲ್ಲ. ತಂಗೆವ್ವ ಹೊರಟಳು. ಮೊದಲನೇ ಓಣಿ ಹತ್ತಿರವಾಯಿತು. ಅವಳು ಒತ್ತಬೇಕು ಎಂದುಕೊಳ್ಳುವುದರೊಳಗೆ ಬ್ರೇಕು ಅವಳ ಅಂಗಾಲನ್ನು ತನ್ನ ಜೊತೆ ಕರೆದುಕೊಂಡು ಮೆಲ್ಲಗೆ ಇಳಿಯಿತು. ಅದು ತನ್ನ ಕಾಲೋ ಅತ್ತೆಯ ಕಾಲೋ ಅವಳಿಗೆ ಬಿಡಿಸಿ ಹೇಳಲು ಬರಲಿಲ್ಲ. ಖಾಲಿ ಓಣಿಯನ್ನು ನೋಡುತ್ತ ಶೈಲಕ್ಕ ಗಳಗಳ ಅತ್ತಳು.